ಗಾಳಿಬೀಡಿನ ದಿಣ್ಣೆಯ ಮೇಲೆ ಹಡಗುಗಳ ಪಾಠ

ಕೊಡಗಿಗೆ ಕಡಲಿಲ್ಲ. ಆದರೂ ಗಾಳಿಬೀಡಿನ ಕಡೆ, ಸಾವಿರ ಮೀಟರಿಗೂ ಎತ್ತರದಲ್ಲಿ ಪಡುವಣಕ್ಕೆ ಮುಖ ಮಾಡಿರುವ ನಮ್ಮ ತೋಟದ ದಿಣ್ಣೆಯಲ್ಲಿ ಆಂಟೆನಾ ನಿಲ್ಲಿಸಿದರೆ, ಸುಮಾರು ಎಂಬತ್ತು ಕಿಲೋಮೀಟರ್ ದೂರದ ಅರಬ್ಬೀ ಸಮುದ್ರದಲ್ಲಿ ಸಾಗುವ ಹಡಗುಗಳ ಎಐಎಸ್ ಸಂಕೇತಗಳು, ಅಂದರೆ ಅವು ತಮ್ಮ ಹೆಸರು, ಸ್ಥಾನ, ವೇಗ, ದಿಕ್ಕುಗಳನ್ನು ತಾವಾಗಿಯೇ ಸಾರುವ ರೇಡಿಯೋ ಸಂಕೇತಗಳು, ಸಿಗುತ್ತವೆ. ಮಂಗಳೂರಿನ ಗೆಳೆಯರ ಸಣ್ಣ ಹಾಯಿದೋಣಿಯಲ್ಲಿ ಮಲ್ಪೆಯ ಆಚೆಗೆ ಹೋಗುವ ಮೊದಲು ಈ ಸಂಕೇತಗಳನ್ನು ಹಿಡಿಯುವ ರಿಸೀವರನ್ನು ಓದಲು ನೆಲದ ಮೇಲೆಯೇ ಕಲಿಯಬೇಕೆಂದು ಹಟ ಹಿಡಿದವರು ನೌಕಾಪಡೆಯಿಂದ ನಿವೃತ್ತರಾದ ನನ್ನ ಮಾವ.

ಪುತ್ತರಿ ಕಳೆದ ಮೇಲಿನ ಒಂದು ತಿಳಿಯಾದ ಬೆಳಿಗ್ಗೆ, ತಲಾ ನಲವತ್ತಾರು ಸೆಂಟಿಮೀಟರಿನ ಎರಡು ಸರಳುಗಳ ಆಂಟೆನಾವನ್ನು ಸಿಲ್ವರ್ ಓಕ್ ಮರಕ್ಕೆ ನೆಟ್ಟಗೆ ಕಟ್ಟಿದೆವು. 161.975 ಮತ್ತು 162.025 ಮೆಗಾಹರ್ಟ್ಸ್‌ಗಳಲ್ಲಿ ಬರುವ ಸಂಕೇತಗಳು ಸ್ವಲ್ಪ ಹೊತ್ತಿನಲ್ಲೇ ಲ್ಯಾಪ್‌ಟಾಪಿನ ನಕ್ಷೆಯ ಮೇಲೆ ತ್ರಿಕೋನಗಳಾಗಿ ಮೂಡಿದವು. ಪಣಂಬೂರಿನ ಹೊರಗೆ ಲಂಗರು ಹಾಕಿದ್ದ ಹಡಗುಗಳು ಮೂರು ನಿಮಿಷಕ್ಕೊಮ್ಮೆ ತಮ್ಮ ಸ್ಥಾನ ಹೇಳುತ್ತಿದ್ದರೆ, ಚಲಿಸುತ್ತಿದ್ದವು ವೇಗಕ್ಕೆ ತಕ್ಕಂತೆ ಎರಡರಿಂದ ಹತ್ತು ಸೆಕೆಂಡಿಗೊಮ್ಮೆ ಹೇಳುತ್ತಿದ್ದವು.

ಹೆಸರುಗಳನ್ನು ಓದುವುದರಲ್ಲೇ ಮೈಮರೆತಿದ್ದ ನಮ್ಮನ್ನು ಮಾವ ಕಾಗದದತ್ತ ಎಳೆದರು. ಮಲ್ಪೆಯ ಪಶ್ಚಿಮಕ್ಕೆ ನಮ್ಮ ದೋಣಿ ಐದು ನಾಟ್ (ಗಂಟೆಗೆ ಐದು ನಾಟಿಕಲ್ ಮೈಲಿ) ವೇಗದಲ್ಲಿ ಉತ್ತರಕ್ಕೆ ಹೋಗುತ್ತಿದೆ ಎಂದು ಕಲ್ಪಿಸಿಕೊಂಡು, ಹದಿನೈದು ನಾಟ್ ವೇಗದಲ್ಲಿ ದಕ್ಷಿಣಕ್ಕೆ ಬರುತ್ತಿದ್ದ ಒಂದು ಹಡಗಿನ ದಾರಿಯನ್ನು ಗೆರೆ ಎಳೆದು ತೋರಿಸಲು ಹೇಳಿದರು. ಎರಡು ಸಂಖ್ಯೆಗಳು ಬೇಕಾಗಿದ್ದವು: ಎರಡೂ ಪರಸ್ಪರ ಅತಿ ಸಮೀಪಕ್ಕೆ ಬಂದಾಗ ಇರುವ ಅಂತರ, ಅಂದರೆ ಸಮೀಪಾಂತರ, ಮತ್ತು ಅದಕ್ಕೆ ಉಳಿದಿರುವ ಸಮಯ. ಎದುರುಬದುರಾದರೆ ಅಂತರ ಗಂಟೆಗೆ ಇಪ್ಪತ್ತು ನಾಟಿಕಲ್ ಮೈಲಿನಂತೆ ಕರಗುತ್ತದೆ. ಮಬ್ಬಿನಲ್ಲಿ ಮೂರು ಮೈಲಿಗೆ ಹಡಗು ಕಣ್ಣಿಗೆ ಬಿದ್ದರೆ ನಮಗಿರುವುದು ಒಂಬತ್ತು ನಿಮಿಷ. ನೀರಿನಿಂದ ಎರಡು ಮೀಟರ್ ಎತ್ತರದ ಆಂಟೆನಾ ಕೂಡ ಎತ್ತರದ ಹಡಗಿನ ಸಂಕೇತವನ್ನು ಸುಮಾರು ಹದಿನಾಲ್ಕು ಮೈಲಿನಿಂದ ಹಿಡಿಯಬಲ್ಲದು; ಆಗ ನಲವತ್ತು ನಿಮಿಷಕ್ಕೂ ಹೆಚ್ಚು ಸಮಯ ಸಿಗುತ್ತದೆ. ಆ ಲೆಕ್ಕ ಮುಗಿದಾಗ ಈ ಪುಟ್ಟ ಪೆಟ್ಟಿಗೆಯ ಬಗ್ಗೆ ನನಗೆ ನಿಜವಾದ ಗೌರವ ಹುಟ್ಟಿತು.

ಹಾಯಿಯ ಬಲದಿಂದ ಸಾಗುವ ದೋಣಿಗೆ ಯಂತ್ರದ ಹಡಗು ಸಾಮಾನ್ಯವಾಗಿ ದಾರಿ ಬಿಡಬೇಕೆಂಬ ನಿಯಮವಿದೆ. ಆದರೆ ದೊಡ್ಡ ಹಡಗನ್ನು ನಡೆಸುವವರಿಗೆ ಅದರ ಮೂತಿಯ ಮುಂದೆ ಐನೂರು ಮೀಟರಿನವರೆಗೂ ನೀರು ಕಾಣದಿರಬಹುದು. ಫೈಬರಿನ ದೋಣಿ ರೇಡಾರಿನಲ್ಲೂ ಮಸುಕು. ಆದ್ದರಿಂದ ದಿಕ್ಕು ಬದಲಿಸುವುದಾದರೆ ಬೇಗನೆ, ಅವರಿಗೆ ಸ್ಪಷ್ಟವಾಗಿ ತಿಳಿಯುವಷ್ಟು ದೊಡ್ಡದಾಗಿ ಬದಲಿಸಬೇಕೆಂದು ಮಾವ ಒತ್ತಿ ಹೇಳಿದರು. ಅಲೆಗಳ ಮೇಲೆ ಹಾಯಿದೋಣಿಯ ಮುಖ ಸದಾ ಅತ್ತಿತ್ತ ಹೊರಳುವುದರಿಂದ ಪರದೆಯ ಸಮೀಪಾಂತರವೂ ಕುಣಿಯುತ್ತದೆ. ಒಂದು ಅಂಕಿಗೆ ಬೆದರದೆ, ಕೆಲವು ನಿಮಿಷಗಳಲ್ಲಿ ಅದು ಯಾವ ಕಡೆಗೆ ವಾಲುತ್ತಿದೆ ಎಂಬುದನ್ನು ನೋಡಬೇಕು. ಕೈ ದಿಕ್ಸೂಚಿಯಲ್ಲಿ ಹಡಗಿನ ದಿಕ್ಕು ಬದಲಾಗದೆ ದೂರ ಮಾತ್ರ ಕಡಿಮೆಯಾಗುತ್ತಿದ್ದರೆ, ಪೆಟ್ಟಿಗೆ ಏನೇ ಹೇಳಲಿ, ಅದು ಡಿಕ್ಕಿಯ ದಾರಿ.

ನನ್ನನ್ನು ಹೆಚ್ಚು ಕಾಡಿದ್ದು ನಕ್ಷೆಯ ಖಾಲಿ ಜಾಗ. ಮೀನುಗಾರಿಕೆಯ ಹಂಗಾಮದು; ಮಲ್ಪೆಯ ಹೊರಗೆ ನಾಡದೋಣಿಗಳು ಇಳಿದಿರಲೇಬೇಕು, ಆದರೆ ಅವುಗಳಲ್ಲಿ ಒಂದೂ ಪರದೆಯಲ್ಲಿರಲಿಲ್ಲ. ಎಐಎಸ್ ಅಂತರರಾಷ್ಟ್ರೀಯವಾಗಿ ಕಡ್ಡಾಯವಾಗಿರುವುದು ವಿದೇಶಯಾನದ 300 ಟನ್ನೇಜಿಗಿಂತ ದೊಡ್ಡ ಹಡಗುಗಳಿಗೆ, 500 ಟನ್ನೇಜ್ ಮೀರಿದ ಇತರ ಸರಕು ಹಡಗುಗಳಿಗೆ ಮತ್ತು ಪ್ರಯಾಣಿಕರ ಹಡಗುಗಳಿಗೆ. ಬಲೆ ಬಿಟ್ಟು, ಕತ್ತಲೆಯಲ್ಲಿ ಸಣ್ಣ ದೀಪವೊಂದನ್ನಿಟ್ಟುಕೊಂಡು ಕೂತ ಮನುಷ್ಯರನ್ನು ರಿಸೀವರ್ ತೋರಿಸುವುದಿಲ್ಲ. ಬರೀ ಕೇಳುವ ಪೆಟ್ಟಿಗೆಯಿಂದ ನಾವೂ ಯಾರ ಪರದೆಯಲ್ಲಿಯೂ ಕಾಣುವುದಿಲ್ಲ.

ಸಂಜೆಯೊಳಗೆ ನಮ್ಮ ಏರ್ಪಾಡು ನಿಶ್ಚಯವಾಯಿತು. ಸಮೀಪಾಂತರ ಒಂದು ಮೈಲಿಗಿಂತ ಕಡಿಮೆ, ಸಮಯ ಇಪ್ಪತ್ತು ನಿಮಿಷಕ್ಕಿಂತ ಕಡಿಮೆ ಆದೊಡನೆ ಎಚ್ಚರಿಕೆಯ ಗಂಟೆ ಹೊಡೆಯಬೇಕು. ಆಂಟೆನಾ ಹಾಯಿ ಕಟ್ಟುವ ಕೂವೆಮರದ ತುದಿಗೆ, ಇತರರ ರೇಡಾರಿನಲ್ಲಿ ದೋಣಿ ಚೆನ್ನಾಗಿ ಕಾಣುವಂತೆ ಮಾಡುವ ರೇಡಾರ್ ಪ್ರತಿಫಲಕ ಅದರ ಕೆಳಗೆ. ಗಂಟೆಯಿದ್ದರೂ ಹಗಲಿರುಳು ಒಬ್ಬರು ಹೊರಗೆ ಕೂತು ಕಡಲನ್ನೇ ನೋಡುತ್ತಿರಬೇಕು, ಮತ್ತು ಆ ಪಾಳಿಯಲ್ಲಿರುವವರ ಕೈಗೆ ಲ್ಯಾಪ್‌ಟಾಪ್ ಕೊಡುವಂತಿಲ್ಲ.