ಇನ್ನೊಂದ್ಸಲ ನುಡಿಸು ಅಂತ ಹೆಂಗೆ ಕೇಳೋದು?

"ಹೆಸರೇ ಇಲ್ದಿದ್ರೆ ಇನ್ನೊಂದ್ಸಲ ನುಡಿಸು ಅಂತ ಹೆಂಗಪ್ಪ ಕೇಳೋದು?"

ನಮ್ಮ ಡ್ರಮ್ಮರ್‌ನ ಅಮ್ಮ ಕೇಳಿದ ಪ್ರಶ್ನೆ ಇದು. ಈ ವಾರವೆಲ್ಲ ತಲೆಯಲ್ಲಿ ಇದೇ ಓಡುತ್ತಿದೆ.

ನಮ್ಮ ಬ್ಯಾಂಡಿನಲ್ಲಿ ಹಾಡುವವರಿಲ್ಲ. ಗಿಟಾರು, ಕೀಬೋರ್ಡು, ಕೊಳಲು, ಡ್ರಮ್ಸು, ಅಷ್ಟೇ. ರೆಕಾರ್ಡಿಂಗ್ ಮುಗಿದಿತ್ತು. ಆನ್‌ಲೈನಿಗೆ ಹಾಕೋ ಫಾರ್ಮಿನಲ್ಲಿ ಟ್ಯೂನುಗಳ ಹೆಸರಿನ ಜಾಗ ಮಾತ್ರ ಖಾಲಿ. ಅದನ್ನು ತುಂಬದೆ ಮುಂದಕ್ಕೆ ಹೋಗೋ ಹಾಗಿಲ್ಲ. ಬನಶಂಕರಿಯಲ್ಲಿ ಡ್ರಮ್ಮರ್ ಮನೆ ಮಹಡಿ ಮೇಲೆ ಕೂತು ಅದಕ್ಕೇ ಕಿತ್ತಾಡುತ್ತಿದ್ದೆವು. ಆಂಟಿ ಕಾಫಿ ತಂದಿಟ್ಟು, "ಆಗ್ಲೇ ನುಡಿಸಿದ್ರಲ್ಲ, ಅದರ ಹೆಸರೇನೋ?" ಅಂದರು. "ಇನ್ನೂ ಇಟ್ಟಿಲ್ಲಮ್ಮ" ಅಂದ ಮಗ. ಆಗ ಬಂದಿದ್ದು ಆ ಪ್ರಶ್ನೆ. ಯಾರ ಹತ್ರಾನೂ ಉತ್ತರ ಇರಲಿಲ್ಲ.

ನಾವು ಅಲ್ಲಿ ತನಕ ಮಾತಾಡಿದ್ದೆಲ್ಲ ನಮ್ಮ ಬಗ್ಗೆಯೇ. ನಮಗೇನು ಅನಿಸಿತು, ನಾವೇನು ಹೇಳೋಕೆ ಹೊರಟೆವು, ಇದೇ. ಕೇಳಿದವರಿಗೆ ಅದು ಮತ್ತೆ ಬೇಕು ಅನಿಸಿದರೆ ಏನಂತ ಕೇಳಬೇಕು ಅನ್ನೋದು ಯಾರ ಬಾಯಲ್ಲೂ ಬಂದಿರಲಿಲ್ಲ. ವೀಣೆ ಕಛೇರಿಯಲ್ಲಿ ಈ ತೊಂದರೆ ಇಲ್ಲ. ಅಲ್ಲೂ ಹಾಡುವವರಿಲ್ಲ, ಆದರೆ ನುಡಿಸೋದು ಜಾಸ್ತಿ ಪಾಲು ಸಾಹಿತ್ಯ ಇರೋ ಕೃತಿಗಳನ್ನೇ. 'ಭಾಗ್ಯದ ಲಕ್ಷ್ಮೀ ಬಾರಮ್ಮ' ಶುರುವಾದರೆ ಸಾಕು, ಮುಂದಿನ ಸಾಲಿನಲ್ಲಿ ಕೂತವರ ತುಟಿ ಅಲ್ಲಾಡುತ್ತಿರುತ್ತದೆ. ಮಾತು ಅವರ ಮನಸ್ಸಿನಲ್ಲಿದೆ. ಬೇಕಾದರೆ ಚೀಟಿ ಬರೆದು ಕಳಿಸಬಹುದು. ನಮ್ಮ ಟ್ಯೂನಿಗೆ ಸಾಹಿತ್ಯವೇ ಇಲ್ಲವಲ್ಲ. ಅದರ ಪಾಲಿಗೆ ಬರೋ ಮಾತು ಅಂದರೆ ಹೆಸರು ಒಂದೇ.

ಅವತ್ತು ಲ್ಯಾಪ್‌ಟಾಪಿನಲ್ಲಿ ಇದ್ದದ್ದು ಫೈಲಿನ ಹೆಸರುಗಳು. 'ಡಿ ಮೈನರ್ ನಿಧಾನ', 'ಸೆವೆನ್ ಬೀಟ್ ಹೊಸದು'. ಕೀಬೋರ್ಡ್ ನುಡಿಸೋ ಗೆಳೆಯ ಇವಕ್ಕೆ 'ಅನಂತ ಯಾನ', 'ಮೌನದಾಚೆ' ಅಂತೆಲ್ಲ ಬರೆದುಕೊಂಡು ಬಂದಿದ್ದ. ಅವನಷ್ಟು ಮನಸ್ಸಿಟ್ಟು ನುಡಿಸೋರು ನಮ್ಮಲ್ಲಿ ಇನ್ನೊಬ್ಬರಿಲ್ಲ. ಆದರೆ ಹೆಸರಿನ ವಿಷಯ ಬಂದರೆ ದೊಡ್ಡ ದೊಡ್ಡ ಪದಗಳ ಹಿಂದೆ ಹೋಗಿಬಿಡುತ್ತಾನೆ. 'ಅನಂತ ಯಾನ' ಅನ್ನೋದನ್ನು ಯಾವ ಟ್ಯೂನಿಗೆ ಬೇಕಾದರೂ ಅಂಟಿಸಬಹುದು. ನನ್ನ ತಕರಾರು ಅಷ್ಟೇ.

ಅದಕ್ಕೆ ನಮ್ಮ ಡ್ರಮ್ಮರ್ ಬಾಯಲ್ಲಿ ಉತ್ತರ ಹೇಳಲಿಲ್ಲ. ಕಾಫಿ ಲೋಟದ ಅಂಚಿನ ಮೇಲೆ ಬೆರಳಿನಿಂದ ಬಡಿಯೋಕೆ ಶುರು ಮಾಡಿದ. ಡಾ ಡಿ ಡಾ ಡಾ, ಡಾ ಡಿ ಡಾ ಡಾ, ಡಾ ಡಾ ಡಿ ಡಿ. ಕೆನಡಾದ ರಷ್ ಬ್ಯಾಂಡಿನವರ 1981ರ 'ವೈ ವೈ ಝಡ್' ಶುರುವಾಗೋದೇ ಹೀಗೆ. ವೈವೈಝಡ್ ಅಂದರೆ ಅವರ ಊರು ಟೊರಾಂಟೊ ವಿಮಾನ ನಿಲ್ದಾಣದ ಕೋಡು. ಆ ಮೂರು ಅಕ್ಷರಗಳನ್ನು ಹಳೇ ಟೆಲಿಗ್ರಾಫಿನ ಮೋರ್ಸ್ ಸಂಕೇತದಲ್ಲಿ ಬಡಿದರೆ ಬರೋ ಲಯವೇ ಟ್ಯೂನಿನ ಮೊದಲ ಲಯ. ಅಲ್ಲಿ ಹೆಸರೇ ತಾಳ. ಎಡ್ಗರ್ ವಿಂಟರ್ ಗ್ರೂಪ್‌ನವರ 'ಫ್ರಾಂಕನ್‌ಸ್ಟೈನ್' ಕಥೆಯೂ ಹೀಗೇ. ಉದ್ದಕ್ಕೆ ನುಡಿಸಿದ್ದನ್ನು ಸ್ಟುಡಿಯೋದಲ್ಲಿ ಟೇಪು ಕತ್ತರಿಸಿ, ತುಂಡು ತುಂಡು ಜೋಡಿಸಿ ಚಿಕ್ಕದು ಮಾಡಿದರು. ಹೆಣದ ತುಂಡುಗಳನ್ನು ಜೋಡಿಸಿ ಜೀವ ಕೊಟ್ಟ ಕಾದಂಬರಿಯ ಫ್ರಾಂಕನ್‌ಸ್ಟೈನ್‌ನನ್ನು ನೆನಪಿಸೋ ಆ ಕತ್ತರಿ ಕೆಲಸವೇ ಅದಕ್ಕೆ ಹೆಸರು ಕೊಟ್ಟಿತು. 1973ರಲ್ಲಿ ಅಮೆರಿಕದ ಪಟ್ಟಿಯಲ್ಲಿ ಅದು ಒಂದನೇ ಸ್ಥಾನಕ್ಕೆ ಹೋಯಿತು. ಎರಡೂ ಕಡೆ ಹೆಸರು ಹೊರಗಿನಿಂದ ತಂದು ಹಚ್ಚಿದ್ದಲ್ಲ, ಕೆಲಸದ ಒಳಗಿಂದಲೇ ಬಂದದ್ದು.

ಕೇಳುಗರೇ ಹೆಸರು ಕೊಟ್ಟದ್ದೂ ಉಂಟು. 'ಮೂನ್‌ಲೈಟ್ ಸೊನಾಟಾ' ಅನ್ನೋದು ಬೆಥೋವನ್ ತನ್ನ ಪಿಯಾನೋ ಕೃತಿಗೆ ಇಟ್ಟ ಹೆಸರಲ್ಲ. 1802ರಲ್ಲಿ ಅಚ್ಚಾದಾಗ ಅದಕ್ಕೆ ಇದ್ದದ್ದು ಕೃತಿ ಸಂಖ್ಯೆ, ಜೊತೆಗೆ ಹೆಚ್ಚುಕಮ್ಮಿ ಫ್ಯಾಂಟಸಿಯಂಥ ಸೊನಾಟಾ ಅನ್ನೋ ವಿವರಣೆ. ರೆಲ್‌ಸ್ಟಾಬ್ ಅನ್ನೋ ವಿಮರ್ಶಕನಿಗೆ ಅದರಲ್ಲಿ ಸರೋವರದ ಮೇಲಿನ ಬೆಳದಿಂಗಳು ಕಂಡಿತು. ಈಗ ನನಗೂ ಬೆಳದಿಂಗಳು ಬಿಟ್ಟು ಬೇರೇನೂ ಕಾಣೋದಿಲ್ಲ. ಹೆಸರಿಗೆ ಅಷ್ಟು ಶಕ್ತಿ ಇದೆ. ಅದಕ್ಕೇ ಸುಮ್ನೆ ಚೆನ್ನಾಗಿ ಕೇಳಿಸುತ್ತೆ ಅಂತ ಏನೋ ಒಂದು ಇಡಬಾರದು ಅಂತ ನಾನು ಹಟ ಹಿಡಿಯೋದು.

"ಆಂಟಿ, ನೀವೇ ಹೇಳಿ. ಯಾವುದನ್ನ ಇನ್ನೊಂದ್ಸಲ ನುಡಿಸಬೇಕು?" ಅಂದೆ.

"ಅದೇ ಕಣಪ್ಪ, ಕುಂಟೆಬಿಲ್ಲೆ ಆಡ್ದಂಗೆ ಹೋಗತ್ತಲ್ಲ, ಅದು."

ಸೆವೆನ್ ಬೀಟ್ ಹೊಸದು! ಮಿಶ್ರ ಚಾಪು ನಡೆ ಅದು. ತಕಿಟ ತಕದಿಮಿ, ಮೂರು ಮತ್ತು ನಾಲ್ಕು. ಒಂಟಿ ಕಾಲಲ್ಲಿ ಕುಪ್ಪಳಿಸಿ, ಎರಡೂ ಕಾಲೂರಿ, ಮತ್ತೆ ಕುಪ್ಪಳಿಸೋ ಆ ತೂಗಾಟ ಅದರಲ್ಲಿ ಇದ್ದೇ ಇದೆ. ತಾಳದ ಲೆಕ್ಕ ಗೊತ್ತಿಲ್ಲದ ಅವರಿಗೆ ಅದು ಕಾಲಲ್ಲೇ ಗೊತ್ತಾಗಿತ್ತು. 'ಕುಂಟೆಬಿಲ್ಲೆ' ಅಂತ ಆಗಲೇ ಟೈಪ್ ಮಾಡಿದೆ. "ಮಕ್ಕಳ ಆಟದ ಹೆಸರು, ಯಾರೂ ಸೀರಿಯಸ್ಸಾಗಿ ತಗೊಳ್ಳಲ್ಲ" ಅಂದ ಕೀಬೋರ್ಡಿನವನು. ಸೀರಿಯಸ್ ಅಂದರೆ ಭಾರವಾಗಿರಬೇಕು ಅಂತ ನಮಗೆ ಯಾರು ಹೇಳಿಕೊಟ್ಟರೋ! ನಮ್ಮ ಎಷ್ಟೋ ಒಳ್ಳೇ ಟ್ಯೂನುಗಳು ಇಂಥ ಭಾರದ ಹೆಸರಿನ ಕೆಳಗೆ ಸಿಕ್ಕಿಕೊಂಡು, ಕೇಳಿದವರ ನೆನಪಿನಲ್ಲಿ ಉಳಿಯದೆ ಹೋಗಿವೆ ಅಂತ ನನಗನಿಸುತ್ತದೆ. ಉಳಿದ ಮೂವರೂ ಆಂಟಿ ಕಡೆಗಿದ್ದೆವು. ಅದೇ ಉಳಿಯಿತು.

ಬಾಕಿ ಇರೋದು 'ಡಿ ಮೈನರ್ ನಿಧಾನ'. ಅದು ಕೀಬೋರ್ಡಿನವನದೇ ಟ್ಯೂನು. ಅವರಪ್ಪ ಆಸ್ಪತ್ರೆಯಲ್ಲಿದ್ದಾಗ ಮಾಡಿದ್ದು ಅಂತ ಮೊನ್ನೆ ಬೈಕಿನಲ್ಲಿ ವಾಪಸ್ ಬರುವಾಗ ಹೇಳಿದ. ಅಲ್ಲಿ ತನಕ ಯಾರಿಗೂ ಹೇಳಿರಲಿಲ್ಲ. "ಅವತ್ತು ಏನು ನೋಡಿದೆ?" ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. "ಅಪ್ಪನ ಜ್ವರ ಇಳೀತು ಅಂತ ನರ್ಸ್ ಹೇಳಿದ್ರು. ಕೆಳಗೆ ಬಂದೆ. ಇನ್ನೂ ಬೆಳಕಾಗಿರಲಿಲ್ಲ. ಗೇಟ್ ಹತ್ರ ಹಾಲಿನ ವ್ಯಾನಿಂದ ಕ್ರೇಟ್ ಇಳಿಸ್ತಾ ಇದ್ರು. ಅದನ್ನೇ ನೋಡ್ತಾ ನಿಂತುಬಿಟ್ಟೆ" ಅಂದ.

ಅಂಥ ಬೆಳಗಿನ ಜಾವ ನೋಡಿದವನು ಅದಕ್ಕೆ 'ಅನಂತ ಯಾನ' ಅಂತ ಯಾಕೆ ಇಡಬೇಕು? 'ಹಾಲಿನ ವ್ಯಾನ್' ಅಂತ ಇಡು ಅಂದೆ. ಜನ ನಗ್ತಾರೆ ಅಂದ. ಆ ಟ್ಯೂನು ಕೇಳುತ್ತಾ ಯಾರೂ ನಗಲ್ಲ ಅಂತ ನಾನು. ಇನ್ನೂ ಒಪ್ಪಿಲ್ಲ. ಫಾರ್ಮು ಹಾಗೇ ಇದೆ. ಶನಿವಾರ ಪ್ರಾಕ್ಟೀಸ್ ಇದೆಯಲ್ಲ, ಇನ್ನೊಂದು ಸುತ್ತು ಕಿತ್ತಾಡೋಕೆ ನಾನು ತಯಾರಿದ್ದೇನೆ.