ಇದೆಲ್ಲ ಮೂಲದಲ್ಲಿ ಉಂಟಾ?

ನಾನು ಮಹಾಭಾರತದ ಪಾತ್ರಗಳನ್ನು ಇಟ್ಟುಕೊಂಡು ಕಥೆ ಬರೆಯುತ್ತೇನೆ ಅಂತ ಗೊತ್ತಾದ ಕೂಡಲೇ ಜನ ಕೇಳುವುದು ಒಂದೇ. "ಇದು ಮೂಲದಲ್ಲಿ ಉಂಟಾ?" ಇಲ್ಲಿ ಮುಂಬಯಿಯಲ್ಲಿ ಮಾಟುಂಗದ ಸಭೆಯಿರಲಿ, ಡೊಂಬಿವಲಿಯ ಮದುವೆ ಊಟವಿರಲಿ, ಇದೇ ಪ್ರಶ್ನೆ. ಹೇಳಿ ಹೇಳಿ ಸಾಕಾಗಿದೆ.

ಇಲ್ಲ. ಮೂಲದಲ್ಲಿ ಇಲ್ಲ. ಇದ್ದಿದ್ದರೆ ನಾನು ಯಾಕೆ ಬರೆಯಬೇಕಿತ್ತು?

ಪ್ರಶ್ನೆಗಿಂತ ಕೇಳುವ ಧಾಟಿಗೇ ನನಗೆ ಸಿಟ್ಟು ಜಾಸ್ತಿ. ಕದ್ದು ಸಿಕ್ಕಿಬಿದ್ದವಳನ್ನು ವಿಚಾರಿಸಿದ ಹಾಗೆ ಕೇಳುತ್ತಾರೆ. ಒಮ್ಮೆ ಹಿಡಿಂಬೆಯ ಮೇಲೆ ಬರೆದ ಕಥೆ ಓದಿ ವೇದಿಕೆಯಿಂದ ಇಳಿದಿದ್ದೆ ಅಷ್ಟೇ. ಹಿರಿಯರೊಬ್ಬರು ದಾರಿಗೆ ಅಡ್ಡ ನಿಂತು, "ಅಲ್ಲಮ್ಮಾ, ವ್ಯಾಸರು ಬರೆಯದ್ದನ್ನು ನೀನು ಬರೆಯುವುದಾ?" ಅಂದರು.

ಅದೇ ಹಿರಿಯರನ್ನು ನಾನು ತಾಳಮದ್ದಳೆಯಲ್ಲಿ, ಅಂದರೆ ಕುಣಿತವಿಲ್ಲದೆ ಕೂತಲ್ಲೇ ಪಾತ್ರಗಳಾಗಿ ಮಾತಾಡುವ ಯಕ್ಷಗಾನದಲ್ಲಿ, ಮುಂದಿನ ಸಾಲಿನಲ್ಲಿ ನೋಡಿದ್ದೇನೆ. ಕರ್ಣಪರ್ವ ನಡೆಯುತ್ತಿತ್ತು. ಭಾಗವತರು ಹಾಡುವುದು ನಾಲ್ಕು ಸಾಲಿನ ಒಂದು ಪದ. ಆಮೇಲೆ ಶಲ್ಯನ ಅರ್ಥ ಹೇಳುವವರು, ಹಗಲಿಡೀ ಹೋಟೆಲಿನ ಕ್ಯಾಶ್ ಕೌಂಟರಿನಲ್ಲಿ ಕೂತು ಬಂದವರು, ವೇಷವಿಲ್ಲ, ಬಣ್ಣವಿಲ್ಲ, ಬರೆದಿಟ್ಟ ಮಾತೂ ಇಲ್ಲ, ಕರ್ಣನನ್ನು ಹಂಗಿಸಲು ಶುರು ಮಾಡಿದರೆ ನಿಲ್ಲಿಸುವ ಹಾಗೇ ಕಾಣಲಿಲ್ಲ. ಕರ್ಣ ಎಲ್ಲವನ್ನೂ ಸುಮ್ಮನೆ ಕೇಳಿಸಿಕೊಂಡರು. ಕೊನೆಗೆ ಹೆಗಲ ಮೇಲಿನ ಶಾಲು ಸರಿ ಮಾಡಿಕೊಂಡು ಒಂದೇ ಒಂದು ಮಾತು ಹೇಳಿದರು. ನಮ್ಮ ಹಿರಿಯರು ತೊಡೆ ತಟ್ಟಿ "ಭೇಷ್!" ಅಂದರು. ಆ ಮಾತು ವ್ಯಾಸರಲ್ಲಿ ಉಂಟಾ ಅಂತ ಅವರು ಕೇಳಲಿಲ್ಲ. ಕೇಳಬೇಕು ಅಂತ ಅವರಿಗೆ ಅನ್ನಿಸಲೂ ಇಲ್ಲ. ಮತ್ತೆ ನನ್ನನ್ನು ಮಾತ್ರ ಯಾಕೆ ಕೇಳುವುದು?

ಕನ್ನಡದವರಾಗಿ ನಾವು ಇದನ್ನು ಕೇಳಲೇಬಾರದು. ವ್ಯಾಸರಲ್ಲಿ ಯುದ್ಧ ಮುಗಿದ ಮೇಲೆ ಪಟ್ಟ ಧರ್ಮರಾಯನಿಗೆ. ಪಂಪ 941ರಲ್ಲಿ ಬರೆದ ಭಾರತದಲ್ಲಿ ಅದು ಅರ್ಜುನನಿಗೆ, ಯಾಕೆಂದರೆ ಅವನ ಅರ್ಜುನ ಅಂದರೆ ಅವನ ದೊರೆ ಅರಿಕೇಸರಿಯೇ. ಆಮೇಲೆ ಬಂದ ರನ್ನ ತನ್ನ ದೊರೆ ಸತ್ಯಾಶ್ರಯನನ್ನು ಭೀಮನಲ್ಲಿ ಕಂಡ, ಭೀಮನಿಗೇ ಪಟ್ಟ ಕಟ್ಟಿದ. ಇವರಿಬ್ಬರನ್ನೂ ತಲೆ ಮೇಲೆ ಹೊತ್ತುಕೊಂಡೇ ನಾವು ಬೆಳೆದದ್ದು, ಅಲ್ವಾ? ಇನ್ನು ಮುಂಬಯಿಯ ಮಾತು ಬಿಡಿ. ವಾಳಕೇಶ್ವರದ ಬಾಣಗಂಗೆಗೆ ಹೋಗಿ ನೋಡಿ. ಸಮುದ್ರ ಪಕ್ಕದಲ್ಲೇ ಇದೆ, ಕೊಳದ ನೀರು ಮಾತ್ರ ಸಿಹಿ. ಸೀತೆಯನ್ನು ಹುಡುಕುತ್ತಾ ಬಂದ ರಾಮನಿಗೆ ಬಾಯಾರಿತು, ಬಾಣ ಬಿಟ್ಟಾಗ ಗಂಗೆ ಬಂದಳು ಅಂತ ಇಲ್ಲಿಯವರ ನಂಬಿಕೆ. ವಾಲ್ಮೀಕಿ ಹೇಳಲಿಲ್ಲ ಅಂತ ಯಾರೂ ಆ ನೀರನ್ನು ತಲೆಗೆ ಪ್ರೋಕ್ಷಣೆ ಮಾಡಿಕೊಳ್ಳುವುದನ್ನು ಬಿಟ್ಟಿಲ್ಲ.

ಹಾಗಂತ ಹೇಗೆ ಬೇಕಾದರೂ ತಿರುಚಬಹುದು ಅಂತ ನಾನು ಹೇಳುತ್ತಿಲ್ಲ. ನೀವು ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಬದಲಿಸಿದ್ದರಿಂದ ಸಿಕ್ಕಿದ್ದೇನು, ಹೋದದ್ದೇನು? ಪಂಪನನ್ನೂ ಹೀಗೇ ಕೇಳಬೇಕು. ಅವನು ದ್ರೌಪದಿಯನ್ನು ಅರ್ಜುನನೊಬ್ಬನ ಹೆಂಡತಿ ಮಾಡಿದ. ಸರಿ. ಹಾಗಾದರೆ ದುಶ್ಶಾಸನನ ರಕ್ತ ಕುಡಿಯುತ್ತೇನೆ ಅಂತ ಭೀಮ ಯಾಕೆ ಶಪಥ ಮಾಡಬೇಕು? ಗಂಡ ಸಭೆಯಲ್ಲೇ ಇದ್ದಾನೆ, ಸಿಡಿದೇಳುವುದು ಭಾವ. ಅಷ್ಟು ದೊಡ್ಡ ಕವಿಯ ಕೈಯಲ್ಲೂ ಅಲ್ಲೊಂದು ಬಿರುಕು ಉಳಿಯಿತು. ಒಂದು ಕಡೆ ಮುಟ್ಟಿದರೆ ಇನ್ನೊಂದು ಕಡೆ ಅಲುಗಾಡುತ್ತದೆ. ಅದನ್ನು ಹುಡುಕಿ ನನ್ನ ಮುಂದೆ ಇಡಿ, ಗಂಟೆಗಟ್ಟಲೆ ಕೂತು ಮಾತಾಡುತ್ತೇನೆ.

ನನ್ನ ಹಿಡಿಂಬೆಯ ಕಥೆಯನ್ನೇ ತಗೊಳ್ಳಿ. ಯುದ್ಧದ 14ನೇ ದಿನದ ರಾತ್ರಿ, ಅರ್ಜುನನಿಗಾಗಿ ಕಾಪಾಡಿಟ್ಟಿದ್ದ ಶಕ್ತ್ಯಾಯುಧವನ್ನು ಕರ್ಣ ಘಟೋತ್ಕಚನ ಮೇಲೆ ಬಿಡುತ್ತಾನೆ. ಘಟೋತ್ಕಚ ಸಾಯುವಾಗಲೂ ಮೈ ದೊಡ್ಡದು ಮಾಡಿಕೊಂಡು ಕೌರವರ ಸೇನೆಯ ಮೇಲೆಯೇ ಬೀಳುತ್ತಾನೆ. ಪಾಂಡವರು ಅಳುತ್ತಾರೆ. ಕೃಷ್ಣ ಅರ್ಜುನನನ್ನು ತಬ್ಬಿಕೊಂಡು ಕುಣಿಯುತ್ತಾನೆ, ಅರ್ಜುನ ಉಳಿದನಲ್ಲ ಅಂತ. ಇಷ್ಟೂ ವ್ಯಾಸರಲ್ಲೇ ಇದೆ. ಕಾಡಿನಲ್ಲಿದ್ದ ತಾಯಿಗೆ ಸುದ್ದಿ ಮುಟ್ಟಿಸಿದ್ದು ಯಾರು ಅನ್ನುವುದು ಮಾತ್ರ ಇಲ್ಲ. ಅದನ್ನು ಓದಿದಾಗಿನಿಂದ ನನಗೆ ಸಮಾಧಾನವಿಲ್ಲ. ಮಗನನ್ನು ಕರೆಸಿಕೊಂಡವರಲ್ಲಿ ಒಬ್ಬರಾದರೂ ಹೋಗಿ ಹೇಳಬೇಡವೇ?

ನನ್ನ ಕಥೆಯಲ್ಲಿ ಭೀಮನೇ ಹೋಗುತ್ತಾನೆ, ಒಬ್ಬನೇ, ನಡೆದುಕೊಂಡು. ಭೀಮ ಹೋಗುತ್ತಿರಲಿಲ್ಲ, ಅವನಿಗೆ ಅವಳ ಮುಖ ನೋಡುವ ಧೈರ್ಯ ಇರುತ್ತಿರಲಿಲ್ಲ ಅಂತ ನಿಮಗನ್ನಿಸಿದರೆ ಹೇಳಿ. ಯಾಕೆ ಅಂತಲೂ ಹೇಳಿ.