ಸೋನೋಮೀಟರ್ ಪಕ್ಕ ಕೂತು ಕಲಿತ ಗಿಟಾರ್

ಡಿಗ್ರಿ ಓದಲು ಕೋಲಾರಕ್ಕೆ ಬಂದಾಗ ನನ್ನ ಹತ್ತಿರ ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ, ಮಾವನ ಮಗ ಸಾಕಾಯ್ತು ಅಂತ ಬಿಟ್ಟ ಒಂದು ಗಿಟಾರ್ ಇತ್ತು. ಚೆನ್ನಾಗಿ ಬರುತ್ತಿದ್ದದ್ದು ನಾಲ್ಕೇ ಕಾರ್ಡು (ಒಟ್ಟಿಗೆ ಮೀಟುವ ಸ್ವರಗಳ ಗುಂಪು): ಜಿ, ಸಿ, ಡಿ, ಇ ಮೈನರ್. ಹಳೇ ಸಿಮ್ ಕಾರ್ಡು ಕತ್ತರಿಸಿ ತಂತಿ ಮೀಟೋ ಪಿಕ್ ಮಾಡಿಕೊಂಡಿದ್ದೆ. ನಾಲ್ಕು ಕಾರ್ಡಲ್ಲಿ ಬೇಕಾದಷ್ಟು ಹಾಡು ಎಳೆದುಬಿಡಬಹುದು, ನಿಜ. ಆದರೆ ಎಲ್ಲವೂ ಒಂದೇ ಥರ ಕೇಳಿಸುತ್ತಿದ್ದವು. "ಲೋ, ಅದು ಗಿಟಾರೋ, ರಾಗಿ ಬೀಸೋ ಕಲ್ಲೋ?" ಅಂತ ಹಾಸ್ಟೆಲಿನ ಪಕ್ಕದ ರೂಮಿನವನು ಗೋಡೆ ಬಡಿಯುತ್ತಿದ್ದ.

ನನ್ನನ್ನು ಇದರಿಂದ ಎಬ್ಬಿಸಿದವರು ನಮ್ಮ ಫಿಸಿಕ್ಸ್ ಲ್ಯಾಬ್ ಅಟೆಂಡರ್. ನಾವೆಲ್ಲ ಅಣ್ಣ ಅಂತಲೇ ಕರೆಯುತ್ತಿದ್ದೆವು. ದಿನಾ ಕೆಜಿಎಫ್‌ನಿಂದ ಬಸ್ಸಲ್ಲಿ ಬರುತ್ತಿದ್ದರು. ಅವರ ತಂದೆ ಚಿನ್ನದ ಗಣಿಯಲ್ಲಿದ್ದವರು. 2001ರಲ್ಲಿ ಗಣಿ ಮುಚ್ಚಿತು. "ಚಿನ್ನ ಸರ್ಕಾರಕ್ಕೆ, ಗಿಟಾರ್ ನಮಗೆ" ಅಂತ ನಗುತ್ತಿದ್ದರು. ಅಲ್ಲಿನ ಆಂಗ್ಲೋ ಇಂಡಿಯನ್ ಮನೆಗಳಲ್ಲಿ ನುಡಿಸುವುದನ್ನು ನೋಡಿ ನೋಡಿಯೇ ಅವರ ತಂದೆ ಕಲಿತಿದ್ದರಂತೆ.

ಒಂದು ದಿನ ಸೋನೋಮೀಟರ್ ಪ್ರಾಕ್ಟಿಕಲ್, ಅಂದರೆ ಪೆಟ್ಟಿಗೆ ಮೇಲೆ ಬಿಗಿದ ತಂತಿಯ ಕಂಪನ ಅಳೆಯೋದು. ತಂತಿ ಮೇಲೆ ಮಡಚಿದ ಕಾಗದದ ಚೂರು ಕೂರಿಸಬೇಕು. ಟ್ಯೂನಿಂಗ್ ಫೋರ್ಕ್ ಬಡಿದು ಪೆಟ್ಟಿಗೆಗೆ ಒತ್ತಿ ಹಿಡಿಯಬೇಕು. ತಂತಿ ಕೆಳಗೆ ಆಧಾರಕ್ಕಿಟ್ಟ ತುಂಡನ್ನು, ಅಂದರೆ ಬ್ರಿಜ್ಜನ್ನು, ಕೂದಲೆಳೆಯಷ್ಟು ಸರಿಸುತ್ತಾ ಹೋಗಬೇಕು. ಉದ್ದ ಸರಿಹೊಂದಿದ ಕ್ಷಣ ಕಾಗದ ನಡುಗಿ ಹಾರಿ ಬೀಳುತ್ತೆ. ನನ್ನ ಕಾಗದ ಅಲ್ಲಾಡಲೇ ಇಲ್ಲ. ಅಣ್ಣ ಬಂದು ಬ್ರಿಜ್ ಒಂಚೂರು ತಳ್ಳಿದರು. ಬಿತ್ತು.

"ತಂತಿ ಅರ್ಧ ಮಾಡಿದರೆ ಕಂಪನ ಡಬಲ್. ನಿನ್ನ ಗಿಟಾರಲ್ಲಿ ಆ ಅರ್ಧ ಎಲ್ಲಿದೆಯಪ್ಪಾ?"

ನನಗೆ ಗೊತ್ತಿರಲಿಲ್ಲ.

"12ನೇ ಫ್ರೆಟ್. ನೀನು 3 ದಾಟಿಲ್ಲ. ಇಡೀ ಬೀದಿ ನಿಂದೇ, ಮೂಲೆ ಮನೇಲಿ ಕೂತಿದ್ದೀಯ." ಫ್ರೆಟ್ ಅಂದರೆ ಗಿಟಾರ್ ಕತ್ತಿನ ಮೇಲಿನ ಅಡ್ಡಪಟ್ಟಿ.

ಆ ಸಂಜೆ ಗಿಟಾರ್ ತರಲು ಹೇಳಿದರು. ಹೊಸ ಕಾರ್ಡು ಕಲಿಸುತ್ತಾರೆ ಅಂದುಕೊಂಡರೆ, ಇ ಮೇಜರ್ ಹಿಡಿ ಅಂದರು. ಹಿಡಿದೆ (ತಂತಿ ಎಣಿಸೋದು ಎಲ್ಲಕ್ಕಿಂತ ಸಣ್ಣದರಿಂದ): ತೋರುಬೆರಳು ಮೂರನೇ ತಂತಿಯ 1ನೇ ಫ್ರೆಟ್ಟಿಗೆ, ಉಳಿದೆರಡು ಬೆರಳು ಐದು ಮತ್ತು ನಾಲ್ಕನೇ ತಂತಿಯ 2ನೇ ಫ್ರೆಟ್ಟಿಗೆ. "ಬೆರಳು ಬಿಚ್ಚಬೇಡ. ಹಾಗೇ ಮೇಲೆ ಜಾರಿಸು, ತೋರುಬೆರಳು 6ಕ್ಕೆ ಬರಲಿ." ಮೀಟಿದೆ. ಅದು ಎ ಕಾರ್ಡು. ಆದರೆ ನನಗೆ ಗೊತ್ತಿದ್ದ ಎ ಅಲ್ಲ. ಮುಟ್ಟದೆ ಬಿಟ್ಟ ಸಣ್ಣ ತಂತಿಗಳೆರಡು ಅದರ ಮೇಲೆ ಗುಂಯ್ ಅನ್ನುತ್ತಿದ್ದವು, ತಂಬೂರಿ ಥರ. ಇನ್ನೆರಡು ಫ್ರೆಟ್ ಮುಂದೆ ಹೋದರೆ ಬಿ. ಅದೇ ಕೈ, ಅದೇ ಬೆರಳು. ಅವತ್ತು ರಾತ್ರಿ ಊಟದ ಗಂಟೆ ನನಗೆ ಕೇಳಿಸಲೇ ಇಲ್ಲ.

ಆಮೇಲೆ ಮೂರು ಸಣ್ಣ ತಂತಿಗಳಲ್ಲೇ ಸಿ ಕಾರ್ಡನ್ನು ಮೂರು ಕಡೆ ತೋರಿಸಿದರು. ಮೂರನೇ ತಂತಿಯಿಂದ ಎಣಿಸಿದರೆ ಫ್ರೆಟ್ 0-1-0 (0 ಅಂದರೆ ಒತ್ತದೆ ಬಿಟ್ಟ ತಂತಿ). ಮುಂದೆ 5-5-3. ಇನ್ನೂ ಮುಂದೆ 9-8-8. ಮೂರರಲ್ಲೂ ಇರೋದು ಅದೇ ಸ ಗ ಪ, ತುದಿಯಲ್ಲಿ ಕೂರುವ ಸ್ವರ ಮಾತ್ರ ಬೇರೆ: ಮೊದಲು ಗ, ಆಮೇಲೆ ಪ, ಕೊನೆಗೆ ಸ. ಕಿವಿಗೆ ರಾಗದ ಥರ ಕೇಳಿಸೋದು ಆ ತುದಿಯ ಸ್ವರವೇ ಅಲ್ವಾ. ಇಷ್ಟು ಸಣ್ಣ ವಿಷಯ ನನಗೆ ಎರಡು ವರ್ಷ ಹೊಳೆದಿರಲಿಲ್ಲ.

ನನಗೆ ಜಾಸ್ತಿ ಹಿಡಿಸಿದ್ದು ಮಾತ್ರ ಡಿ. ಡಿ ಹಿಡಿದಿರುವಾಗಲೇ ಕಿರುಬೆರಳನ್ನು ಮೊದಲನೇ ತಂತಿಯ 3ನೇ ಫ್ರೆಟ್ಟಿಗೆ ಇಟ್ಟರೆ ಮ. ಎತ್ತಿದರೆ ಗ. ನಡುಬೆರಳನ್ನೂ ಎತ್ತಿದರೆ ರಿ. ಸ ಪಕ್ಕದ ತಂತಿಯಲ್ಲಿ ಉಂಗುರದ ಬೆರಳ ಕೆಳಗೆ ಮೊದಲೇ ಕೂತಿದೆ. ಮ ಗ ರಿ ಸ. ಕಾರ್ಡು ಬಿಡದೆ ರಾಗ ಇಳಿದುಬಂತು. ಭಾನುವಾರ ಅಂತರಗಂಗೆ ಬೆಟ್ಟದ ಮೆಟ್ಟಿಲ ಮೇಲೆ ಕೂತು ಇದನ್ನೇ ನುಡಿಸುತ್ತಿದ್ದೆ. ಕೋತಿಗಳು ಸುಮ್ನೆ ನೋಡುತ್ತಿದ್ದವು. ಕಡಲೆಕಾಯಿ ಪೊಟ್ಟಣ ಹೋಯಿತು, ಒಮ್ಮೆ ಪಿಕ್ಕೂ ಹೋಯಿತು.

ಕಾಲೇಜು ಡೇಗೆ ನಾನು ನುಡಿಸಬೇಕಿದ್ದ ಹಾಡಲ್ಲಿ ಎಫ್ ಕಾರ್ಡು ಬರುತ್ತಿತ್ತು. ತೋರುಬೆರಳು ಅಡ್ಡ ಮಲಗಿಸಿ ಒತ್ತಿದರೆ ಟಕ್ ಟಕ್ ಅನ್ನೋದೇ ಹೊರತು ನಾದ ಇಲ್ಲ. ಹಿಂದಿನ ದಿನ ಅಳೋದೊಂದೇ ಬಾಕಿ. ಅಣ್ಣ ನೋಡಿ, "ಯಾಕೆ ಒದ್ದಾಡ್ತೀಯ? ಮೇಲಿನ ದಪ್ಪ ತಂತಿ ಎರಡೂ ಬೇಡ. ಸಣ್ಣ ತಂತಿ ಒತ್ತಬೇಡ, ಬಿಟ್ಟುಬಿಡು" ಅಂದರು. ನಾಲ್ಕನೇ ತಂತಿಯಿಂದ 3-2-1-0. ಎಫ್ ಮೇಜರ್ ಸೆವೆನ್. ಬರೀ ಎಫ್‌ಗಿಂತ ಅದೇ ಚೆನ್ನಾಗಿತ್ತು. ಇವತ್ತಿಗೂ ನಾನು ಪೂರ್ತಿ ಎಫ್ ಹಿಡಿಯೋದು ಕಡಿಮೆ.

ಮರುದಿನ ಎರಡನೇ ಚರಣಕ್ಕೆ ಕರೆಂಟ್ ಹೋಯಿತು. ಮೈಕ್ ಸತ್ತಿತು. ನಿಲ್ಲಿಸಲೋ ಬೇಡವೋ ತಿಳಿಯದೆ ಡಿ ಹಿಡಿದು ಕೂತಿದ್ದೆ. ಕಿಟಕಿ ಹತ್ತಿರ ನಿಂತಿದ್ದ ಅಣ್ಣ ನಡುಬೆರಳು ಮೇಲೆತ್ತಿ ತೋರಿಸಿದರು. ಮುಂದಿನ ಸಾಲಲ್ಲಿದ್ದ ಮೇಡಂ ಏನಂದುಕೊಂಡರೋ, ತಿರುಗಿ ದುರುಗುಟ್ಟಿದರು. ನಾನು ನಗು ತಡೆದುಕೊಂಡು ಬೆರಳೆತ್ತಿದೆ. ಕತ್ತಲಲ್ಲಿ ರಿ ಒಂದೇ ಉಳಿಯಿತು.